ಹಸಿ ಕಮಾನಿನ ಕೆಳಗೆ

ಕಲಾಪ್ರದರ್ಶನಗಳಿಗೆಂದು ಕೆಂಪು ಚಿರೆಕಲ್ಲು-ಸುಣ್ಣದಲ್ಲಿ ಬಾಗಿದ ಗೋಡೆ, ಬಾಗಿಲಿಲ್ಲದ ಚೌಕಟ್ಟು ಏನೇನೋ ಕಟ್ಟಿದ್ದೆ. ಹೆದರಿಕೆ ಆಗಿರಲಿಲ್ಲ. ಅವುಗಳ ಕೆಳಗೆ ಯಾರೂ ಮಲಗುತ್ತಿರಲಿಲ್ಲವಲ್ಲ.

ಹೊಳನಗದ್ದೆಯಲ್ಲಿರುವ ನನ್ನ ಅಕ್ಕ ಮಲಗುವವಳಿದ್ದಳು. ಕಾಂಕ್ರೀಟು ಸ್ಲ್ಯಾಬಿನ ಕೆಳಗೆ ಬೇಸಿಗೆಯಿಡೀ ಬೇಯುತ್ತಿದ್ದ ಅವಳಿಗೆ ನಾನೇ ಆಸೆ ಹುಟ್ಟಿಸಿದ್ದೆ: ಸಿಮೆಂಟಿಲ್ಲದ, ಕಬ್ಬಿಣವಿಲ್ಲದ ಕೋಣೆ; ಚಿರೆಕಲ್ಲಿನ ಕಮಾನು ಚಾವಣಿ; ಅಘನಾಶಿನಿ ಹೊಳೆಯ ಬಳಚಿನ ಚಿಪ್ಪು ಸುಟ್ಟ ಸುಣ್ಣದ ಗಾರೆ.

ಕಮಾನು ಮುಗಿಯಿತು. ಮರದ ಸೆಂಟ್ರಿಂಗ್ ಅದನ್ನು ಕೆಳಗಿನಿಂದ ಹೊತ್ತಿತ್ತು. ಗಾರೆ ಗಾಳಿಗೆ ನಿಧಾನ ಗಟ್ಟಿಯಾಗಲೆಂದು ಬಿಟ್ಟು, ಹಳೆಯ ಮನೆಗಳ ಗೋಡೆ ನೋಡಲು ಭಟ್ಕಳಕ್ಕೆ ಹೋದೆ. ಕೆಲವು ದಿನ ಬಿಟ್ಟು ಬಂದು ನೋಡಿದರೆ ಕಮಾನಿನ ತುಂಬ ಒದ್ದೆ ಗೋಣಿಚೀಲ. ಅಕ್ಕ ಪೈಪು ಹಿಡಿದು ನಿಂತಿದ್ದಾಳೆ.

"ಎಂತ ಮಾಡ್ದೆ ಅಕ್ಕಾ?"

"ನೀರು ಬಿಟ್ಟೆ. ಸ್ಲ್ಯಾಬಿಗೆ ಎಲ್ಲಾರೂ ಬಿಡೂದಿಲ್ವಾ? ನೀ ಹೇಳೂಕೆ ಮರ್ತೆ ಅಂದ್ಕಂಡೆ, ತಮಾ."

"ನಂಗೆ ಬೆಳಗಿನ ಚಾ ಇಲ್ಲ," ಎಂದರು ಭಾವ, "ಮೊದ್ಲು ನಿನ್ನ ಕಮಾನಿಗೆ ಸ್ನಾನ!"

ನಗಲಾಗಲಿಲ್ಲ. ಕಲ್ಲಿನ ಸಂದಿಗೆ ಉಗುರು ಒತ್ತಿದೆ, ಬುಡದವರೆಗೂ ಹೋಯಿತು. ಸಿಮೆಂಟನ್ನು ಗಟ್ಟಿ ಮಾಡುವ ನೀರು ಸುಣ್ಣವನ್ನು ಹಸಿಯಾಗಿಯೇ ಉಳಿಸಿತ್ತು.

ಚೀಲ ತೆಗೆದು ಕಾದೆವು. ಆಮೇಲೆ ಪಡುವಣ ಕಪ್ಪಾಗತೊಡಗಿತು. ಹೀಗೆ ಬರೆದೊಡನೆ ಅನುಮಾನ: ಆಕಾಶ ಕಪ್ಪಾಗಿತ್ತೋ, ನನ್ನ ಹೆದರಿಕೆಗೆ ಒಪ್ಪುವ ಬಣ್ಣ ಈಗ ಬಳಿಯುತ್ತಿದ್ದೇನೋ. ಮಳೆಗಾಲ ಹತ್ತಿರವಿತ್ತು, ಅಷ್ಟು ನಿಜ. ಮಳೆ ಹಿಡಿದರೆ ಗಾರೆ ಒಣಗುವ ಮಾತೇ ಇಲ್ಲ. ಬೀಳುವುದಾದರೆ ಅವಳು ಮಲಗುವ ಮೊದಲೇ ಬೀಳಲಿ ಎಂದು, ಸೆಂಟ್ರಿಂಗ್ ಸಡಿಲಿಸಿ ನೋಡಲು ಸುತ್ತಿಗೆ ಹಿಡಿದು ಒಳಗೆ ಹೋದೆ. ಅಕ್ಕನೂ ಬಂದಳು.

"ಹೊರಗೆ ನಿಲ್ಲೇ."

"ನೀ ಒಳಗೆ, ನಾ ಹೊರಗೆ ನಿಂತ್ಕಂಡು ಎಂತ ಮಾಡೂದು?"

ಬೈದರೂ ಕದಲಲಿಲ್ಲ. ಸೆಂಟ್ರಿಂಗ್ ಕಂಬದ ಅಡಿಗೆ ಕೊಟ್ಟಿದ್ದ ಒಂದು ಬೆಣೆಯನ್ನು ಮೆಲ್ಲಗೆ ಹೊರಕ್ಕೆ ಬಡಿದೆ. ಸೆಂಟ್ರಿಂಗ್ ಕೂದಲೆಳೆಯಷ್ಟು ಇಳಿಯಿತು. ತಾನಾಗಿ ನಿಲ್ಲಬೇಕಿದ್ದ ಕಮಾನೂ ಅದರ ಬೆನ್ನಿಗೇ ಇಳಿಯಿತು. ನೆತ್ತಿಯ ಸಂದಿಯಿಂದ ಒದ್ದೆ ಸುಣ್ಣ ಅಕ್ಕನ ಹೆಗಲಿಗೆ ಉದುರಿತು. ಏನೋ ನರಳಿದ ಸದ್ದು. ಸದ್ದೇ ಇರಲಿಲ್ಲ ಎನ್ನುತ್ತಾಳೆ ಅಕ್ಕ. ನನಗೆ ಈಗಲೂ ಕೇಳುತ್ತದೆ.

"ಆತಾ?" ಎಂದಳು.

ಬೆಣೆಯನ್ನು ಮತ್ತೆ ಒಳಗೆ ಹೊಡೆದು, ಅವಳ ರಟ್ಟೆ ಹಿಡಿದು ಹೊರಗೆಳೆದೆ.

ಮರುದಿನ ನೆತ್ತಿಯಿಂದ ಶುರುಮಾಡಿ ಕಮಾನು ಬಿಚ್ಚಿದೆವು. ಕಲ್ಲುಗಳು ಇಡಿಯಾಗಿಯೇ ಎದ್ದು ಬಂದವು. ಅಕ್ಕ ಅಂಗಳದಲ್ಲಿ ಕೂತು ತೆಂಗಿನ ನಾರಿನಿಂದ ಸುಣ್ಣ ಉಜ್ಜಿ ಒಂದೊಂದನ್ನೇ ಸಾಲಾಗಿ ಇಟ್ಟಳು. ಈಗ ಕಾಂಕ್ರೀಟೇ ಸಾಕು ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅನ್ನಲಿ ಎಂದು ಒಳಗೊಳಗೆ ಬೇಡುತ್ತಲೂ ಇದ್ದೆ.

"ಮಳೆ ಮುಗಿದ್ಮೇಲೆ ಮತ್ತೆ ಇದೇ ಕಟ್ಟು," ಎಂದಳು. "ನೀರು ಬಿಡೂದಿಲ್ಲ, ಆತಾ?"

ಈ ಸಲ ಕಮಾನು ಇಳಿದರೆ ತಪ್ಪನ್ನು ನೀರಿನ ಮೇಲೆ ಹೊರಿಸುವಂತಿಲ್ಲ.