ಜಯಳ ಸಿಟ್ಟು, ರಾಜಕ್ಕನ ಸಾಕ್ಷಿ

ತೆಂಗಿನ ಮರಕ್ಕೆ ಬೇಲಿಯ ಲೆಕ್ಕ ತಿಳಿಯದು. ದಬ್ಬೇಘಟ್ಟದ ನಮ್ಮ ತೋಟದಲ್ಲಿ ಬಾಗಿದ ಮರವೊಂದಿದೆ. ಬುಡ ನಮ್ಮದು, ತಲೆ ಪಕ್ಕದ ರಾಜಕ್ಕನ ತೋಟದ ಮೇಲೆ. ನೀರು, ಗೊಬ್ಬರ ನಾವು ಹಾಕುತ್ತೇವೆ, ಕಾಯಿ ಅವರ ಕಡೆ ಉದುರುತ್ತದೆ. ನಮ್ಮ ಸೀಮೆಯವರು ಬೇರೇನನ್ನಾದರೂ ಬಿಟ್ಟುಕೊಟ್ಟಾರು, ಬಿದ್ದ ಕಾಯಿಯನ್ನು ಮಾತ್ರ ಬಿಡರು. ಹೀಗಾಗಿ ರಾಜಕ್ಕನಿಗೂ ನನ್ನ ಹೆಂಡತಿ ಜಯಳಿಗೂ ಬಹುಕಾಲದ ಜಗಳ.

ನಾವಿಬ್ಬರೂ ಕ್ರೈಸ್ತರಾಗಿ, ನೀರಿನಲ್ಲಿ ಮುಳುಗೆದ್ದು ದೀಕ್ಷಾಸ್ನಾನ ಪಡೆದು ಕೆಲವು ವರ್ಷಗಳಾದವು. ನೀರಿನಿಂದ ಎದ್ದ ಮೇಲೆ ಜಯಳ ಬಾಯಿ ತಣ್ಣಗಾಗುತ್ತದೆಂದು ನಾನು ಗುಟ್ಟಾಗಿ ಆಸೆಪಟ್ಟಿದ್ದೆ. ನನ್ನ ಸೋಮಾರಿತನದ ಬಗ್ಗೆ ಅವಳೂ ಅದೇ ಆಸೆ ಇಟ್ಟುಕೊಂಡಿದ್ದಳಂತೆ. ಇಬ್ಬರಿಗೂ ನಿರಾಶೆಯಾಯಿತು.

ಕ್ರಿಸ್ತನನ್ನು ನಂಬಿ ಹೊಸದಾಗಿ ಹುಟ್ಟಿದವರಲ್ಲಿ ಹಳೆಯ ಪಾಪಸ್ವಭಾವ ಉಳಿದಿರುತ್ತದೆಯೇ ಎಂಬುದು ನಮ್ಮ ಕ್ರೈಸ್ತರಲ್ಲಿ ಮುಗಿಯದ ಚರ್ಚೆ. ಬೇರುಸಹಿತ ಕಿತ್ತುಹೋಗುತ್ತದೆ ಎನ್ನುವವರಿದ್ದಾರೆ. ಸಾಯುವವರೆಗೂ ಹಳೆಯ ಸ್ವಭಾವವೂ ಹೊಸದೂ ಒಳಗೇ ಗುದ್ದಾಡುತ್ತವೆ ಎನ್ನುವವರಿದ್ದಾರೆ. ಹಳೆಯದರ ಅಧಿಕಾರ ಹೋಗಿದೆ, ವಾಸ ಮಾತ್ರ ಉಳಿದಿದೆ ಎಂಬ ಮೂರನೆಯ ಪಂಗಡವೂ ಉಂಟು. ಬೇಡವೆಂದದ್ದನ್ನೇ ಮಾಡಿಬಿಡುತ್ತೇನಲ್ಲ ಎಂದು ಬೈಬಲಿನಲ್ಲಿ ಅಪೊಸ್ತಲನೇ ಗೋಳಾಡಿದ್ದಾನೆ. ನಾನಂತೂ ಬೆಳಗಿನ ಕಾಫಿಗೆ ಮುಂಚೆ ಒಂದು ಪಂಗಡ, ಆಮೇಲೆ ಇನ್ನೊಂದು.

ಹೋದ ವರ್ಷ ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಹೊರಗಿನಿಂದ ಬಂದ ಬೋಧಕರು ಮೊದಲ ಪಂಗಡದವರು. "ಇನ್ನೂ ಸಿಟ್ಟು ಬರುತ್ತಿದ್ದರೆ ನೀವು ಹೊಸದಾಗಿ ಹುಟ್ಟೇ ಇಲ್ಲ" ಎಂದು ಗುಡುಗಿದರು. ಅಂದು ಬೆಳಿಗ್ಗೆಯೇ ಜಯ ಬಿದ್ದ ಕಾಯಿಗಾಗಿ ರಾಜಕ್ಕನನ್ನು ಬಾಯಿಗೆ ಬಂದಂತೆ ಬೈದು ಬಂದಿದ್ದಳು. ಆರಾಧನೆಯಲ್ಲಿ ಎಲ್ಲರೂ ಹಂಚಿಕೊಳ್ಳುವ ಕರ್ತನ ಭೋಜನದ ರೊಟ್ಟಿಯ ತಟ್ಟೆ ಹತ್ತಿರ ಬಂದಾಗ ತಾನು ಯೋಗ್ಯಳಲ್ಲವೆಂದು ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿಬಿಟ್ಟಳು.

ಮನೆಗೆ ಮರಳುವ ದಾರಿಯಲ್ಲಿ ಅವಳು ಅಂದಳು: "ನಾನು ರಕ್ಷಣೆ ಹೊಂದಿ ಹೊಸದಾಗಿ ಹುಟ್ಟಿದ್ದೇ ಸುಳ್ಳು ಕಣ್ರೀ. ಇಷ್ಟು ದಿನ ಬರೀ ನಾಟ್ಕ ಆಡ್ದೆ. ಇನ್ಮೇಲೆ ನಾನು ಸಭೆಗೆ ಬರಲ್ಲ."

ಮೂರು ಪಂಗಡಗಳ ವಾದವನ್ನು ಅರೆದು ಕುಡಿದಿದ್ದ ನಾನು, "ಮೊದ್ಲು ಮನೆಗೆ ನಡಿ, ಕಾಫಿ ಕುಡಿಯೋಣ" ಎಂದೆ. ಭಯವಾಯಿತು. ಅವಳು ಮನೆಗೂ ಹೋಗದೆ ನೇರ ರಾಜಕ್ಕನ ಅಂಗಳಕ್ಕೆ ನಡೆದಳು. ನಾನು ಹಿಂದೆಯೇ ಓಡಿದೆ.

"ತಪ್ಪಾಯ್ತು ರಾಜಕ್ಕ. ಬೆಳಿಗ್ಗೆ ಏನೇನೋ ಅಂದ್ಬುಟ್ಟೆ," ಎಂದಳು ಜಯ, ಕಣ್ಣೊರೆಸಿಕೊಳ್ಳುತ್ತ.

ಬಿಸಿಲಿಗೆ ಕೊಬ್ಬರಿ ಹರವುತ್ತಿದ್ದ ರಾಜಕ್ಕ ತಲೆಯೆತ್ತಿದಳು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. "ಅದಕ್ಯಾಕೆ ಅಳ್ತೀಯೇ? ಮೊದ್ಲು ಬೈದ್ರೆ ತಿಂಗಳುಗಟ್ಲೆ ಮುಖ ತಿರುಗುಸ್ಕಂಡು ಓಡಾಡ್ತಿದ್ದೆ. ಈಗ ಬೈದ ದಿನವೇ ಬಂದು ತಪ್ಪಾಯ್ತು ಅಂತೀಯ. ನೀನು ಆ ಹಳೇ ಜಯ ಅಲ್ಲ ಕಣೇ, ಬುಡು. ನಿನ್ನ ಬಾಯೊಂದು ಹಿಂದೆ ಉಳ್ಕಂಡೈತೆ, ನಿಧಾನಕ್ಕೆ ಬತ್ತಾ ಐತೆ."

ಜಯ ಅಲ್ಲೇ ಜಗುಲಿಯ ಮೇಲೆ ಕುಳಿತು ಅತ್ತಳು. ರಾಜಕ್ಕ ಶಿವಭಕ್ತೆ, ನಮ್ಮ ಸಭೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬೈಗುಳ ತಿಂದವಳು ಅವಳಲ್ಲವೇ, ವ್ಯತ್ಯಾಸ ಅವಳಿಗೇ ಗೊತ್ತು. ಇಬ್ಬರನ್ನೂ ನೋಡುತ್ತ ನಿಂತಿದ್ದ ನನಗೆ ಹೆಮ್ಮೆಯೆನಿಸಿತು.

ಮುಂದಿನ ಕರ್ತನ ಭೋಜನದಲ್ಲಿ ಜಯ ರೊಟ್ಟಿಗೆ ಕೈಚಾಚಿದಳು. ಎಲ್ಲರೂ ಕಣ್ಣು ಮುಚ್ಚಿ ತಮ್ಮ ತಮ್ಮ ಪಾಪಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದಾಗ ನಾನೊಬ್ಬ ಕಣ್ಣು ಬಿಟ್ಟುಕೊಂಡು, ಇವಳು ನನ್ನ ಹೆಂಡತಿ ಎಂದು ಎದೆಯುಬ್ಬಿಸಿ ಕೂತಿದ್ದೆ. ಹೆಮ್ಮೆಯೂ ಪಾಪವೇ ಎನ್ನುತ್ತಾರೆ. ಇದ್ದೀತು. ಇದೊಂದಕ್ಕೆ ಕ್ಷಮೆ ಕೇಳಲು ನನಗಿನ್ನೂ ಮನಸ್ಸು ಬಂದಿಲ್ಲ.