ಫ್ಲಾಸ್ಕಿನಲ್ಲಿದ್ದ ಗಡ್ಡೆ

ಎಂಬತ್ತರ ದಶಕದ ಮಾತು. ಕ್ಯಾನ್ಸರ್ ಗಡ್ಡೆ ಹೇಗೆ ಬೆಳೆದು ಹರಡುತ್ತದೆ ಅನ್ನೋದು ನನ್ನ ಸಂಶೋಧನೆ. ತುಮಕೂರಲ್ಲಿ ರೋಗಿಯೊಬ್ಬರ ಕೆನ್ನೆಯಿಂದ ತೆಗೆದ ಚೂರನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿದ್ದೆ.

ಪಕ್ಕದಲ್ಲಿದ್ದ ಗುಬ್ಬಿಯ ಅಜ್ಜಿ ಕೇಳಿದರು, "ಕಾಪಿನಾ ಸಾಮಿ?"

"ಇಲ್ಲಜ್ಜಿ, ಕ್ಯಾನ್ಸರ್ ಗಡ್ಡೆ. ಹೆಂಗೆ ಹರಡುತ್ತೆ ಅಂತ ನೋಡೋಕೆ ಒಯ್ತಿದೀನಿ."

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಗೆ ಅಂಟಿಕೊಂಡರು.

"ಪಕ್ಕದೋರಿಗೆ ಅಂಟಲ್ಲಜ್ಜಿ. ಹೊಗೆಸೊಪ್ಪು ಹಾಕೋರಿಗೇ ಜಾಸ್ತಿ ಬರೋದು."

"ಸದ್ಯ, ಅಂಟಲ್ವಲ್ಲ, ಬುಡಿ" ಅಂದವರೇ ಎಲೆಅಡಿಕೆ ಚೀಲ ಬಿಚ್ಚಿ, ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಂಡು ನನಗೂ ಚಾಚಿದರು. ನಾನು ಬೇಡ ಅಂದಿದ್ದಕ್ಕೆ ಹಿಂದಿನ ಸೀಟಿಗೆ ಕೊಟ್ಟರು.

ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಆ ಚೀಲ ಅರ್ಧ ಬಸ್ಸು ಸುತ್ತಿತ್ತು. ನನ್ನ ಗಡ್ಡೆ ಮಾತ್ರ ಇಟ್ಟಲ್ಲೇ ಇತ್ತು.