ಹೊಸ್ತಿಲಾಚೆ ಒಡೆಯುವ ಹಾಲು

ಹಾವೇರಿಗೆ ಇನ್ನೂ ಬೆಳಕು ಹರಿದಿಲ್ಲ. ಹೊಳಿಯವ್ವ ಆಗಲೇ ಅಂಗಳದ ಮೂರು ಕಲ್ಲಿನ ಒಲೆಗೆ ಪುರಲೆ ತುರುಕಿ, ದೊಡ್ಡ ಪಾತೇಲಿಯಲ್ಲಿ ಹಾಲು ಕಾಯಲು ಇಟ್ಟು ಕೂತಿದ್ದಾಳೆ. ಒಂದು ಕಣ್ಣು ಹಾಲಿನ ಮೇಲೆ, ಇನ್ನೊಂದು ಮೋಡದ ಮೇಲೆ. ಬೇಸಿಗೆಯ ಮಳೆಗೆ ಹೊತ್ತುಗೊತ್ತು ಇಲ್ಲ. ಮನೆಯೊಳಗೆ ಎರಡು ಬರ್ನರಿನ ಗ್ಯಾಸ್ ಒಲೆ ಇದೆ, ಎರಡೂ ಸುಮ್ಮನೆ ಕೂತಿವೆ. ಆದರೂ ಈಕೆ ಹೊಗೆ ಕುಡಿಯುತ್ತ ಹೊರಗೇ ಕೂರಬೇಕು. ಅದಕ್ಕೆ ಕಾರಣ, ಬಾಗಿಲ ಒಳಪಕ್ಕದ ಹೊರಸಿನ ಮೇಲೆ ಗೋಡೆಯತ್ತ ಮುಖ ಮಾಡಿ ಮಲಗಿರುವ ಅತ್ತೆ ಉಡಚವ್ವ.

"ಕುಡ್ಯಾಕ ಕಾಸೂ ಹಾಲು ಒಳಗ ರೀ. ಒಡಸಾಕ ಕಾಸೂ ಹಾಲು ಹೊರಗ. ನಮ್ಮತ್ತಿ ಕಾಯ್ದೆ ಇದು," ಎಂದು ಹೊಳಿಯವ್ವ ದನಿ ತಗ್ಗಿಸಿ ನಗುತ್ತಾಳೆ. ಗೋಡೆಯ ಕಡೆಯಿಂದ ಕೂಡಲೇ ಉತ್ತರ ಬರುತ್ತದೆ: "ಕೇಳಸ್ತೈತಿ ನನಗ."

ಈ ಹಾಲು ಇನ್ನೊಂದು ತಾಸಿಗೆ ಪನೀರಾಗುತ್ತದೆ. ಪನೀರು ಮಧ್ಯಾಹ್ನದ ಹೊತ್ತಿಗೆ ಹಾವೇರಿಯ ಕೋರ್ಟಿನ ಹತ್ತಿರ ನಿಲ್ಲುವ ಕೈಗಾಡಿಯಲ್ಲಿ ಹಣ್ಣಿನ ಪಚಡಿಯಾಗುತ್ತದೆ. ಕಲ್ಲಂಗಡಿ, ಕರಬೂಜ, ಪೇರಲ, ತೆಳ್ಳಗೆ ಹೆಚ್ಚಿದ ಮಾವಿನಕಾಯಿ, ನಾಲ್ಕು ಪುದೀನ ಎಲೆ. ಅದರ ಮೇಲೆ ಬೆಳ್ಳಗಿನ ಪನೀರಿನ ತುಂಡು, ಹುರಿದ ಜೀರಿಗೆಯ ಪುಡಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಪುಡಿ. ಬಣ್ಣ ನೋಡಿ ಹೆದರಬೇಕು, ಬಾಯಿಗಿಟ್ಟರೆ ಖಾರ ಅಷ್ಟೇನಿಲ್ಲ. ಉಪ್ಪು ಮತ್ತು ಲಿಂಬೆರಸ ಕೊಟ್ಟಕೊನೆಗೆ, ಗಿರಾಕಿ ಕೈ ಚಾಚಿದ ಮೇಲೆ. ಮೊದಲೇ ಬಿದ್ದರೆ ಹಣ್ಣು ನೀರು ಬಿಟ್ಟು ಪನೀರೆಲ್ಲ ಕೆಂಪಗಾಗುತ್ತದೆ. ಕಾಲೇಜಿನ ಹುಡುಗಿಯರು ಇದನ್ನು ಸಲಾಡ್ ಎನ್ನುತ್ತಾರೆ. ಹೊಳಿಯವ್ವನ ಬಾಯಲ್ಲಿ ಮಾತ್ರ ಇದು ಪಚಡಿಯೇ.

ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ನೂರು ದೊನ್ನೆ ಸುಲಭವಾಗಿ ಖಾಲಿಯಾಗುತ್ತವೆ. ಕರಿ ಕೋಟು ಹೆಗಲಿಗೆ ಹಾಕಿಕೊಂಡು ಬರುವ ವಕೀಲ ಚಂದ್ರಶೇಖರ ದಿನದ ಗಿರಾಕಿ. "ಇದನ್ನ ತಿಂದು ಒಳಗ ಹೋದ್ರ ಎದುರು ಪಾರ್ಟಿ ವಕೀಲನ ಮ್ಯಾಲೂ ಸಿಟ್ಟು ಬರೂದಿಲ್ಲ ನೋಡ್ರಿ," ಎನ್ನುತ್ತಾರೆ. ಪಕ್ಕದಲ್ಲೇ ಲಿಂಬೆಹಣ್ಣು ಮಾರುವ ತಾಜಬಿ ಬಾಯಿ ಹಾಕುತ್ತಾಳೆ: "ಅದು ನನ್ನ ಲಿಂಬಿಹಣ್ಣಿನ ಗುಣ ರೀ ಸಾಹೇಬ್ರ."

ಈ ಪಚಡಿಯ ಅರ್ಧ ಕಥೆ ಅತ್ತೆಯದು, ಇನ್ನರ್ಧ ಸೊಸೆಯದು. ಉಡಚವ್ವ ಗಳಗನಾಥದ ಹೊಳೆಯ ದಂಡೆಯವಳು. ಆಗೆಲ್ಲ ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಉಸುಕೇ ಹೊಲ. ಉಸುಕಿನಲ್ಲಿ ಕುಣಿ ತೋಡಿ, ಬುಟ್ಟಿಯಲ್ಲಿ ಗೊಬ್ಬರ ಹೊತ್ತು ತಂದು ಸುರಿದು, ಕಲ್ಲಂಗಡಿ ಬೀಜ ಊರಿ, ಕೊಡದಿಂದ ನೀರು ಹನಿಸಿ ಬೆಳೆಸುತ್ತಿದ್ದಳು. ಹಣ್ಣನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು, "ಇದು ನಾಳಿಗೆ, ಇದು ಇವತ್ತಿಗೆ" ಎಂದು ಬೇರ್ಪಡಿಸುವುದು ಆಕೆಯ ಕೆಲಸ. ಹೊಸದಾಗಿ ಮದುವೆಯಾಗಿ ಬಂದ ಹೊಳಿಯವ್ವ ಬುಟ್ಟಿ ಹೊತ್ತು ಹಿಂದೆ ನಡೆಯುತ್ತಿದ್ದಳು.

"ಹೊಳಿ ನೀರಾಗ ಹಣ್ಣು ಮುಳುಗಿಸಿ ಇಡ್ತಿದ್ವಿ. ಊಟದ ಹೊತ್ತಿಗಿ ತಗದು ಮೊಣಕಾಲಿಗೆ ಕುಟ್ಟಿ ಒಡದು ಕೊಡ್ತಿದ್ಲು ನಮ್ಮತ್ತಿ. ಆ ತಂಪು ಈಗಿನ ಫ್ರಿಜ್ಜಿನಾಗ ಎಲ್ಲಿ ಬರಬೇಕ್ರಿ?" ಎಂದು ಹೊಳಿಯವ್ವ ಒಲೆಯ ಕಡೆ ನೋಡುತ್ತ ಹೇಳುತ್ತಾಳೆ. ಇಂದು ಅವರ ಕುಣಿಗಳಿದ್ದ ಜಾಗದಲ್ಲಿ ಉಸುಕೂ ಇಲ್ಲ, ಬಳ್ಳಿಯೂ ಇಲ್ಲ. ಹಣ್ಣು ರಾಣೆಬೆನ್ನೂರಿನಿಂದ ಟೆಂಪೋದಲ್ಲಿ ಬರುತ್ತದೆ. ಬಂದ ಹಣ್ಣನ್ನು ಬಡಿದು ನೋಡುವುದು ಈಗಲೂ ಉಡಚವ್ವನೇ. ಹೊರಸಿನ ಮೇಲೆ ಕೂತು ಒಂದೊಂದನ್ನೂ ತಟ್ಟುತ್ತಾಳೆ, ಮನಸ್ಸಿಗೆ ಬಾರದ್ದನ್ನು ಕಾಲಿನಿಂದ ಆಚೆ ದೂಡುತ್ತಾಳೆ.

ಇನ್ನು ಸೊಸೆಯ ಪಾಲಿನ ಕಥೆ. ಅದು ಶುರುವಾಗಿದ್ದೇ ತಪ್ಪಿನಿಂದ. ಮದುವೆಯಾದ ಮೊದಲ ಬೇಸಿಗೆ, ಒಲೆಯ ಮೇಲಿದ್ದ ಹಾಲು ಸೆಕೆಗೆ ತಾನೇ ಒಡೆಯಿತು. ಉಡಚವ್ವನ ಪಾಲಿಗೆ ಅದಕ್ಕಿಂತ ದೊಡ್ಡ ಅಪಶಕುನ ಇರಲಿಲ್ಲ. ಉಕ್ಕಿದ ಹಾಲು ಲಕ್ಷ್ಮಿಯ ಮುಖ, ಒಡೆದ ಹಾಲು ಅವಳ ಬೆನ್ನು ಎಂದು ನಂಬಿದ ಹೆಂಗಸು. ತಿಪ್ಪೆಗೆ ಚೆಲ್ಲಿ ಬಾ ಎಂದಳು. ಚೆಲ್ಲಲು ಹೋದ ಸೊಸೆಗೆ ಜೀವ ಒಪ್ಪಲಿಲ್ಲ. ಸೀರೆಯ ಹಳೇ ತುಂಡಿನಲ್ಲಿ ಕಟ್ಟಿ, ಹಿತ್ತಲ ಕಲ್ಲಿನ ಮೇಲಿಟ್ಟು, ಒರಳಿನ ಗುಂಡನ್ನು ಮೇಲೆ ಹೇರಿ ಬಂದಳು. ಸಂಜೆಗೆ ಅದು ಗಟ್ಟಿಯಾಗಿತ್ತು. ಉಪ್ಪು ಸವರಿ, ಕಲ್ಲಂಗಡಿ ಹೋಳಿನ ಜೊತೆ ಬಾಯಿಗಿಟ್ಟಳು.

"ಯಪ್ಪಾ, ಏನ್ ರುಚಿ ರೀ! ಕದ್ದು ತಿಂದದ್ದಕ್ಕ ಅಷ್ಟ್ ರುಚಿ ಆಗಿತ್ತೋ ಏನೋ."

ಆದರೆ ಅತ್ತೆ ಚಟ್ನಿ ಅರೆಯಲು ಕೂತಾಗ ಒರಳಿನ ಗುಂಡು ಕಾಣಲಿಲ್ಲ. ಹುಡುಕುತ್ತ ಹಿತ್ತಲಿಗೆ ಬಂದವಳಿಗೆ ಗುಂಡೂ ಸಿಕ್ಕಿತು, ಬಾಯಿ ತುಂಬಿಕೊಂಡ ಸೊಸೆಯೂ ಸಿಕ್ಕಳು. ಆ ಗುಂಡನ್ನು ಉಡಚವ್ವ ಮತ್ತೆ ಮನೆಯೊಳಗೆ ಸೇರಿಸಲಿಲ್ಲ. ಹೊಳಿಯವ್ವ ಇವತ್ತಿಗೂ ಪನೀರಿನ ಮೇಲೆ ಹೇರುವುದು ಅದೇ ಗುಂಡನ್ನು.

ಉಸುಕಿನ ಹೊಲ ಹೋದ ಮೇಲೆ ಸಂಸಾರ ಹಾವೇರಿಗೆ ಬಂತು. ಗಂಡ ಲಕ್ಕಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಒಂದು ದಿನ ಚೀಲದ ಜೊತೆ ತಾನೂ ಬಿದ್ದು ಸೊಂಟ ಮುರಿದುಕೊಂಡ. ಈಗ ನಡೆಯುತ್ತಾನೆ, ಕೂತಲ್ಲೇ ಹಣ್ಣು ಹೆಚ್ಚಿ ಕೊಡುತ್ತಾನೆ, ಭಾರ ಎತ್ತುವಂತಿಲ್ಲ. ಹೊಳಿಯವ್ವ ಕೈಗಾಡಿ ಹಿಡಿದಳು. ಬರೀ ಹಣ್ಣು ಹೆಚ್ಚಿ ಮಾರುವ ಗಾಡಿಗಳು ಊರ ತುಂಬ ಇದ್ದವು, ಇವಳ ಬಳಿ ನಿಲ್ಲುವವರೇ ಇಲ್ಲ. ಆಗ ನೆನಪಾದದ್ದು ಹಿತ್ತಲಲ್ಲಿ ಕದ್ದು ತಿಂದ ಆ ತುಂಡು. ಅತ್ತೆಯ ಮುಂದೆ ಕೈಮುಗಿದು ಕೇಳಿದಳು. ಮರುದಿನ ಉಡಚವ್ವ, "ಹೊಸ್ತಿಲದಾಚೆ ಏನರ ಮಾಡ್ಕೊ," ಎಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಎರಡೂ ಕಾಲ ಅಂದಿನಿಂದ ಒಟ್ಟಿಗೇ ನಡೆದಿವೆ, ನಡುವೆ ಒಂದು ಹೊಸ್ತಿಲು ಇಟ್ಟುಕೊಂಡು.

ಗಾಡಿ ಹೊರಡುವ ಮುಂಚೆ ಮೊದಲ ದೊನ್ನೆ ಅತ್ತೆಯ ಹೊರಸಿನ ಪಕ್ಕ ಇಡುವುದು ಹೊಳಿಯವ್ವನ ಪದ್ಧತಿ. ಆಮೇಲೆಯೇ ಬೋಣಿ. ಸಂಜೆ ಬಂದು ನೋಡಿದರೆ ಹಣ್ಣು ಖಾಲಿ, ಪನೀರಿನ ತುಂಡುಗಳು ಮಾತ್ರ ದೊನ್ನೆಯ ಒಂದು ಮಗ್ಗುಲಿಗೆ ಸಾಲಾಗಿ ಕೂತಿರುತ್ತವೆ. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಅವನ್ನು ಸೊಸೆಯೇ ರೊಟ್ಟಿಯ ಜೊತೆ ತಿಂದು ಮುಗಿಸುತ್ತಾಳೆ.

"ಊರ ಮಂದಿ ಛಲೋ ಐತಿ ಅಂತಾರ್ರಿ. ಅಷ್ಟಕ್ಕ ಹೊಟ್ಟಿ ತುಂಬತೈತಿ, ಜೀವ ತುಂಬಂಗಿಲ್ಲ. ನಮ್ಮತ್ತಿಗೆ ಈಗ ಎಂಬತ್ತು ದಾಟ್ಯಾವ, ಈ ವರ್ಷ ಊಟಾನೂ ಕಡಿಮಿ ಆಗೈತಿ. ಅಕಿ ಒಮ್ಮಿ ನನ್ನ ಪನೀರು ಬಾಯಾಗ ಇಟ್ಟು, ಹಿಂಗ್ ಐತಿ ಅಂತ ಏನರ ಒಂದು ಅಂದ್ರ ಸಾಕು. ಅಕಿ ಕಣ್ಣಾಗ ನಾ ಇನ್ನೂ ಹಾಲು ಕೆಡಸಿದ ಸೊಸಿನ," ಎನ್ನುವಾಗ ಹೊಳಿಯವ್ವ ನಗುವುದಿಲ್ಲ.

ಅಷ್ಟರಲ್ಲಿ ದೊಡ್ಡ ಹನಿಗಳು ಬೀಳತೊಡಗುತ್ತವೆ. ಗಾಳಿ ಎದ್ದು ಒಲೆಯ ಬೂದಿಯೆಲ್ಲ ಮುಖಕ್ಕೆ ಬರುತ್ತದೆ. ಪುರಲೆ ಚುಂಯ್ ಎಂದು ಆರುತ್ತದೆ. ಹಾಲಿಗೆ ಇನ್ನೂ ಕುದಿ ಬಂದಿಲ್ಲ. ಹೊಳಿಯವ್ವ ಸೆರಗಿನಿಂದ ಪಾತೇಲಿ ಮುಚ್ಚಿ, ಎತ್ತ ಹೋಗಬೇಕೆಂದು ತಿಳಿಯದೆ ಮಳೆಯಲ್ಲೇ ನಿಂತುಬಿಡುತ್ತಾಳೆ. ದಿನದ ದುಡಿಮೆಯೆಲ್ಲ ಆ ಪಾತೇಲಿಯಲ್ಲಿದೆ. ಮೇಲಾಗಿ ಇವತ್ತು ಶುಕ್ರವಾರ, ಲಕ್ಷ್ಮಿಯ ವಾರ.

"ಏನ್ ನೋಡ್ಕೋತ ನಿಂತೀಯs?" ಎಂದು ಒಳಗಿನಿಂದ ಗದರಿಕೆ. "ಒಳಗ ತಾ. ಗ್ಯಾಸಿನ ಮ್ಯಾಲೆ ಇಡು. ಆದ್ರ ಹುಳಿ ಹಿಂಡೂದು ಹೊರಗ ಮತ್ತ!"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಲು ಒಳಗೆ ಕುದಿಯಿತು. ಕುದಿದ ಪಾತೇಲಿಯನ್ನು ಹೊಳಿಯವ್ವ ಹೊಸ್ತಿಲು ದಾಟಿಸಿ ಸೂರಿನಡಿಯ ಕಟ್ಟೆಯ ಮೇಲಿಟ್ಟರೆ, ಸೂರಿನ ನೀರು ನೇರ ಅದರೊಳಗೇ ಸುರಿಯುವ ಹಾಗಿದೆ. ಆಗ ಹೊರಸು ಕಿರುಗುಟ್ಟುತ್ತದೆ. ಉಡಚವ್ವ ಗೋಡೆ ಹಿಡಿದು ಎದ್ದು, ಮೂಲೆಯ ಮೊರ ತೆಗೆದುಕೊಂಡು ಬಂದು, ಹೊಸ್ತಿಲ ಒಳಗೇ ನಿಂತು ಪಾತೇಲಿಯ ಮೇಲೆ ಮೊರ ಹಿಡಿಯುತ್ತಾಳೆ. ಈ ಬಾರಿ ಮುಖ ತಿರುಗಿಸಲು ಗೋಡೆ ಇಲ್ಲ.

ಹೊಳಿಯವ್ವ ಲಿಂಬೆ ಹಿಂಡುತ್ತಾಳೆ, ಸೌಟು ಮೆಲ್ಲಗೆ ತಿರುಗಿಸುತ್ತಾಳೆ. ಹಾಲು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮೋಡದ ಹಾಗೆ ಗಂಟುಗಂಟಾಗಿ ಬಿಡಿಸಿಕೊಳ್ಳುತ್ತದೆ. ಹಸಿರು ಛಾಯೆಯ ತಿಳಿನೀರು ಬೇರೆ, ಬೆಳ್ಳನೆಯ ಗರಣೆ ಬೇರೆ. ಅತ್ತೆ ಬಗ್ಗಿ ನೋಡುತ್ತಾಳೆ.

"ಇದು ಗಿಣ್ಣ ಇದ್ದಂಗ ಐತಲ್ಲs," ಎನ್ನುತ್ತಾಳೆ, ಯಾರಿಗೂ ಅಲ್ಲ ಎಂಬಂತೆ. "ನಮ್ಮವ್ವ ಎಮ್ಮಿ ಈದಾಗ ಮಾಡ್ತಿದ್ಲು. ಓಣಿಗೆಲ್ಲ ಹಂಚ್ತಿದ್ವಿ." ಮಳೆ ನಿಲ್ಲುವವರೆಗೂ ಮೊರ ಅಲುಗುವುದಿಲ್ಲ.

ಗಾಡಿ ಅಂದು ತಡವಾಗಿ ಹೊರಡುತ್ತದೆ. ಮಳೆ ಬಂದ ದಿನ ತಂಪಿನ ಪಚಡಿ ಯಾರಿಗೆ ಬೇಕು? ಹಾಗೇ ಉಳಿದ ಅರ್ಧವನ್ನು ತಾಜಬಿಗೆ, ಆಚೀಚೆಯವರಿಗೆ ಹಂಚಿ ಹೊಳಿಯವ್ವ ಮನೆಗೆ ಬರುತ್ತಾಳೆ. ಹೊರಸಿನ ಪಕ್ಕದ ದೊನ್ನೆ ಖಾಲಿ. ಹಣ್ಣೂ ಇಲ್ಲ, ಮಗ್ಗುಲಿನ ಸಾಲೂ ಇಲ್ಲ. ಅವಳು ಹೊರಸಿನ ಕೆಳಗೆ ಬಗ್ಗಿ ಹುಡುಕುತ್ತಾಳೆ, ಲಕ್ಕಪ್ಪನ ಮುಖ ನೋಡುತ್ತಾಳೆ. ಅವನು ತಾನಲ್ಲ ಎಂದು ತಲೆಯಾಡಿಸುತ್ತಾನೆ.

"ಬೆಕ್ಕು ಬಂದಿತ್ತೇನ್ರಿ ಅತ್ತಿ?"

ಗೋಡೆಯ ಕಡೆಗಿದ್ದ ಮುಖ ತಿರುಗುವುದಿಲ್ಲ.

"ಬೆಕ್ಕಿಗೇನ್ ಗೊತ್ತಾಗ್ತೈತಿ? ಉಪ್ಪು ಒಂಚೂರು ಕಡಿಮಿ ಆಗೈತಿ."

ಹೊಳಿಯವ್ವ ಖಾಲಿ ದೊನ್ನೆ ಹಿಡಿದು ಹೊಸ್ತಿಲ ಮೇಲೆ ಕೂತುಬಿಡುತ್ತಾಳೆ. ಕಣ್ಣು ತುಂಬಿದ್ದು ಕಾಣದಿರಲೆಂದು ಅಂಗಳದ ಕಡೆ ನೋಡುತ್ತಾಳೆ. ಅಲ್ಲಿ ಮಳೆಗೆ ತೊಳೆದು ಹಸನಾದ ಒರಳಿನ ಗುಂಡು ಇದೆ.

"ಹೂಂ ರೀ ಅತ್ತಿ," ಎನ್ನುತ್ತಾಳೆ. "ನಾಳೆ ನೀವs ನೋಡಿ ಹಾಕ್ರಿ."